ತಣ್ಣಗೆ ಉರಿಯುವ ಸರ

ನಮ್ಮ ಅತ್ತೆ ಯಾವ ಪ್ರಶ್ನೆಯನ್ನೂ ಒಬ್ಬರಿಗೇ ಕೇಳಿ ಸುಮ್ಮನಾದವರಲ್ಲ. ಬೆಳಿಗ್ಗೆ ಎದ್ದು ನನ್ನನ್ನು "ಹೊರಗೆ ಮೋಡ ಇದೆಯೇನೇ?" ಎಂದು ಕೇಳುತ್ತಾರೆ. ಇದೆ ಎನ್ನುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು, ಬಾಯಿ ತುಂಬ ನೊರೆ ಇಟ್ಟುಕೊಂಡು ಹಲ್ಲುಜ್ಜುತ್ತಿರುವ ಮಗನಿಗೆ ಅದೇ ಪ್ರಶ್ನೆ. ಆಮೇಲೆ ಕಾಲೇಜಿಗೆ ಹೊರಟ ಮೊಮ್ಮಗಳಿಗೆ. ಮೂರು ಉತ್ತರವೂ ಒಂದೇ ಆದರೆ ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡರೆ ನಿಮಗೆ ನಮ್ಮ ಅತ್ತೆ ಗೊತ್ತಿಲ್ಲ. ಒಬ್ಬರು "ದಟ್ಟವಾಗಿದೆ" ಎಂದು, ಇನ್ನೊಬ್ಬರು "ಒಂಚೂರು" ಎಂದು, ಮತ್ತೊಬ್ಬರು "ನೋಡಲಿಲ್ಲ ಬಿಡಿ" ಎಂದರೆ ಮೋಡ ಇದೆ ಎಂದು ನಂಬುತ್ತಾರೆ. ಮೂವರೂ ಒಂದೇ ಮಾತನ್ನು ಒಂದೇ ರೀತಿ ಹೇಳಿಬಿಟ್ಟರೆ ಮನೆಯಲ್ಲಿ ಏನೋ ಮಸಲತ್ತು ನಡೆದಿದೆ ಎಂದು ಲೆಕ್ಕ.

ಇದು ಅವರ ಕೆಲಸದಿಂದ ಬಂದ ಗುಣ. ಅತ್ತೆ ಸಿಟಿ ಬಸ್ಸಿನ ಕಂಪನಿಯಲ್ಲಿ ಟಿಕೆಟ್ ಚೆಕಿಂಗ್ ಮಾಡುತ್ತಿದ್ದರು. ಖಾಕಿ ಅಂಗಿ, ಕೈಯಲ್ಲೊಂದು ಟಾರ್ಚು, ಯಾವ ಸ್ಟಾಪಿನಲ್ಲಿ ಹತ್ತುತ್ತಾರೋ ಯಾರಿಗೂ ಗೊತ್ತಾಗದ ಹಾಗೆ ಓಡಾಟ. ಡ್ರೈವರುಗಳು ಅವರಿಗಿಟ್ಟ ಹೆಸರು ಹದ್ದು. ಎದುರಿನಿಂದ ಬರುವ ಬಸ್ಸು ಹಗಲಲ್ಲೇ ಹೆಡ್‌ಲೈಟು ಮಿಣುಕಿಸಿದರೆ, ಮುಂದಿನ ಸ್ಟಾಪಿನಲ್ಲಿ ಹದ್ದು ಕೂತಿದೆ ಎಂದರ್ಥ. ಆ ಸಂಗತಿಯೂ ಅತ್ತೆಗೆ ಗೊತ್ತಿತ್ತು. ಅದಕ್ಕೇ ಅವರು ಮುಂದಿನ ಸ್ಟಾಪಿನಲ್ಲಿ ಕಾಣಿಸಿಕೊಂಡು, ಅದರ ಹಿಂದಿನ ಸ್ಟಾಪಿನಲ್ಲಿ ಹತ್ತುತ್ತಿದ್ದರು.

ಹತ್ತಿದ ಮೇಲೆ ಟಿಕೆಟ್ ತೋರಿಸಿ ಎನ್ನುತ್ತಿರಲಿಲ್ಲವಂತೆ. ಮೊದಲು "ಎಲ್ಲಿ ಹತ್ತಿದ್ರಿ?" ಎಂದು ಕೇಳುವುದು, ಅದೂ ಎಲ್ಲಿ ಹತ್ತಿದರೆಂದು ತಾವು ಆಗಲೇ ಕಂಡುಕೊಂಡವರನ್ನೇ. ಅವರು ನೂರಾರು ಸಲ ಹೇಳಿ ನಮಗೆಲ್ಲ ಬಾಯಿಪಾಠವಾದ ಕತೆಯೊಂದಿದೆ. ಒಂದು ಸಂಜೆ ಬಸ್ಸಿನ ಅರ್ಧ ಜನರ ಹತ್ತಿರ ಟಿಕೆಟ್ ಇರಲಿಲ್ಲ. ಯಾರನ್ನು ಕೇಳಿದರೂ "ಈಗ ತಾನೇ ಹತ್ತಿದ್ದು ಮೇಡಂ". ಮುದುಕರೂ ಅದೇ, ಮಕ್ಕಳೂ ಅದೇ. ಕೊನೆಯ ಸೀಟಿನಲ್ಲಿ ತೊಡೆಯ ಮೇಲೆ ಹೊಲಿಗೆ ಯಂತ್ರದ ತಲೆ ಇಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸು ಮಾತ್ರ, "ನಾನು ಮಾರ್ಕೆಟ್ಟಲ್ಲೇ ಹತ್ತಿದೆ. ದುಡ್ಡು ಕೊಟ್ಟೆ, ಈ ಮನುಷ್ಯ ಟಿಕೆಟ್ ಕೊಡಲಿಲ್ಲ. ದಂಡ ಹಾಕೋದಿದ್ರೆ ಹಾಕಿ" ಅಂದಳಂತೆ. ಕಂಡಕ್ಟರನ ಮುಖ ಬಿಳುಚಿಕೊಂಡಿತಂತೆ.

"ಇಡೀ ಬಸ್ಸು ಒಂದೇ ಮಾತಾಡಿದ್ರೆ ಕಂಡಕ್ಟರ್ ಹೇಳಿಕೊಟ್ಟಿದ್ದಾನೆ ಅಂತ ತಿಳ್ಕೋ," ಎಂದು ಅತ್ತೆ ಕತೆ ಮುಗಿಸುತ್ತಿದ್ದರು. ಒಂದು ಟಿಕೆಟ್ಟನ್ನೂ ಹರಿಯದ ನಾನು ಈ ಪಾಠವನ್ನು ಇಟ್ಟುಕೊಂಡು ಏನು ಮಾಡಲಿ ಎಂದು ನನಗೆ ಯಾವಾಗಲೂ ಅನಿಸುತ್ತಿತ್ತು.

ನಿವೃತ್ತಿಯಾದ ಮೇಲೆ ಅವರ ಕಣ್ಣು ಹೋಯಿತು. ಒಳಗಿನ ಒತ್ತಡ ಜಾಸ್ತಿಯಾಗಿ ನರ ಒಣಗುವ ಕಾಯಿಲೆ. ಮೊದಲು ಅಂಚುಗಳು ಹೋದವು, ಆಮೇಲೆ ನಡುವೆ ಉಳಿದಿದ್ದ ಕಿಂಡಿಯೂ ಮುಚ್ಚಿಕೊಂಡಿತು. ಈಗ ಟಾರ್ಚನ್ನು ಕಣ್ಣಿಗೇ ಹಿಡಿದರೂ ಗೊತ್ತಾಗುವುದಿಲ್ಲ. ಅತ್ತೆ ಅದಕ್ಕೆ ಅತ್ತದ್ದನ್ನು ನಾನು ನೋಡಿಲ್ಲ. ಆದರೆ ಜನರ ಮುಖ ಕಾಣುವುದಿಲ್ಲವಲ್ಲ ಎಂಬುದೊಂದು ಅವರನ್ನು ಬಹಳ ಕಾಡಿತು. ಮಾತು ಕೇಳಿಸುತ್ತದೆ, ಆದರೆ ಮಾತಾಡುವಾಗ ಮುಖ ಏನು ಹೇಳುತ್ತಿದೆ? ಆ ಕೆಲಸ ನನ್ನ ಪಾಲಿಗೆ ಬಂತು. ಬಂದವರು ಹೋಗಿ ಬಾಗಿಲು ಮುಚ್ಚಿಕೊಂಡ ಕೂಡಲೇ ಅತ್ತೆ ಕೇಳುತ್ತಾರೆ: "ಹಂಗೆ ಹೇಳೋವಾಗ ಅವನ ಮುಖ ಹೇಗಿತ್ತು?"

ಇದನ್ನು ಮಾತ್ರ ನನ್ನೊಬ್ಬಳಿಗೇ ಕೇಳುವುದು. ಮಗನಿಗೆ ಕೇಳಿ ಪ್ರಯೋಜನವಿಲ್ಲ ಎಂದು ಅವರಿಗೆ ಗೊತ್ತು. ನನ್ನ ಗಂಡನ ಉತ್ತರ ಯಾವತ್ತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಯಾರ ಮನಸ್ಸೂ ನೋಯಬಾರದು, ಎರಡೂ ಕಡೆಯವರು ಊಟ ಮಾಡಿ ಮಲಗಬೇಕು, ಅಷ್ಟೇ ಅವರಿಗೆ. ನಾನು ಹಾಗಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳಿಬಿಡುತ್ತೇನೆ. "ಮೂಗು ಕೆರ್ಕೊಂಡ ಅತ್ತೆ", "ನಿಮ್ಮನ್ನು ನೋಡ್ಲೇ ಇಲ್ಲ, ಗೋಡೆ ಗಡಿಯಾರ ನೋಡ್ತಿದ್ದ". ಅತ್ತೆ ಹೂಂ ಎಂದು ತಲೆಯಾಡಿಸುತ್ತಾರೆ. ಅವರು ನನ್ನನ್ನು ಹೊಗಳಿದ್ದಿಲ್ಲ, ನಾನು ಕಾದದ್ದೂ ಇಲ್ಲ. ಆದರೆ ಆ ಹೂಂ ನನಗೆ ಬೇಕಾಗಿತ್ತು.

ಇನ್ನು ದೀಪದ ವಿಷಯ. ವರ್ಷದ ಕೊನೆಯ ರಜೆ ಬಂತೆಂದರೆ ನಮ್ಮ ಕಟ್ಟಡದ ಪ್ರತಿ ಬಾಲ್ಕನಿಗೂ ಬಣ್ಣದ ದೀಪದ ಸರ ಏರುತ್ತದೆ. ನಮ್ಮ ಬಾಲ್ಕನಿಯದ್ದು ಅತ್ತೆಯ ಸರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡದ್ದು. ಬಣ್ಣ ಬಳಿದ ಗಾಜಿನ ಬಲ್ಬುಗಳು, ಒಂದು ಹೋದರೆ ಎಲ್ಲವೂ ಹೋಯಿತು. ಬದಿಯಲ್ಲೊಂದು ಡಬ್ಬಿ ಟಕ್ ಟಕ್ ಎನ್ನುತ್ತಾ ಆರಿಸಿ ಹೊತ್ತಿಸುತ್ತಿತ್ತು. ಕಣ್ಣು ಹೋದ ಮೇಲೂ ಅತ್ತೆ ರಜೆಯ ಸಂಜೆಗಳಲ್ಲಿ ಬಾಲ್ಕನಿಗೆ ಹೋಗಿ ಕಂಬಿಯ ಉದ್ದಕ್ಕೂ ಅಂಗೈ ಆಡಿಸುತ್ತಿದ್ದರು. ಬಲ್ಬು ಬೆಚ್ಚಗೆ ತಾಗುತ್ತಿತ್ತು, ಕಾದ ಬಣ್ಣದ ವಾಸನೆ ಬರುತ್ತಿತ್ತು, ಡಬ್ಬಿ ಟಕ್ ಎನ್ನುತ್ತಿತ್ತು. "ಉರೀತಿದೆ," ಎಂದು ತಮಗೆ ತಾವೇ ಹೇಳಿಕೊಂಡು ಒಳಗೆ ಬರುತ್ತಿದ್ದರು. ಯಾರನ್ನೂ ಕೇಳದೆ ಅವರಿಗೆ ಗೊತ್ತಾಗುತ್ತಿದ್ದ ಬೆಳಕು ಅದೊಂದೇ.

ಹೋದ ವರ್ಷ ಎಲ್ಲರ ಸರಗಳ ಭಾರಕ್ಕೆ ಕಟ್ಟಡದ ಫ್ಯೂಸು ಹೋಗಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. ಒಳಗಿದ್ದವರು ಬೇರೆ ಯಾರೂ ಅಲ್ಲ, ನಿವಾಸಿಗಳ ಸಂಘದ ಕಾರ್ಯದರ್ಶಿಯೇ. ಈ ವರ್ಷ ಅವರು ಮನೆಮನೆಗೂ ಬಂದರು. "ಎಲ್ಲರೂ ಎಲ್‌ಇಡಿ ಸರ ಹಾಕ್ಬೇಕು. ಸಂಘದಿಂದ ಪುಕ್ಕಟೆ. ಕರೆಂಟು ತಿನ್ನೋದೇ ಇಲ್ಲ, ಬಿಸೀನೂ ಆಗಲ್ಲ, ಹಳೇದನ್ನ ಕೊಟ್ಟುಬಿಡಿ," ಎಂದು ಹೇಳಿ ಒಂದು ಪ್ಯಾಕೆಟ್ ಕೊಟ್ಟುಹೋದರು. ಬಾಗಿಲು ಮುಚ್ಚಿದ ಕೂಡಲೇ ಅತ್ತೆ, "ಪುಕ್ಕಟೆ ಅನ್ನೋವಾಗ ಅವನ ಮುಖ ಹೇಗಿತ್ತು?" ಎಂದರು.

"ಆರಾಮಾಗಿತ್ತು ಅತ್ತೆ."

"ಪುಕ್ಕಟೆ ಕೊಡೋ ಮನುಷ್ಯ ಆರಾಮಾಗಿ ಇರ್ತಾನಾ? ಏನೋ ಇದೆ." ಹಳೆಯ ಸರವನ್ನು ಅವರು ಕೊಡಲಿಲ್ಲ. ತಮ್ಮ ಖಾಕಿ ಅಂಗಿಯಲ್ಲಿ ಸುತ್ತಿ ಮಂಚದ ಕೆಳಗಿನ ಟ್ರಂಕಿನಲ್ಲಿಟ್ಟರು. ಹೊಸದನ್ನು ಕಟ್ಟಲು ಮಾತ್ರ ಒಪ್ಪಿದರು. "ಕಟ್ಟಿ, ನೋಡೋಣ," ಅಂದರು.

ಅವತ್ತು ಸಂಜೆ ನಾನೇ ಕಟ್ಟಿದೆ. ಸ್ವಿಚ್ ಹಾಕಿದರೆ ಕಣ್ಣಿಗೆ ಚುಚ್ಚುವಷ್ಟು ಬೆಳಕು. ತುದಿಯ ಹತ್ತಿರ ಒಂದು ಬಲ್ಬು ಮಾತ್ರ ಹೊತ್ತಿರಲಿಲ್ಲ, ಹಳೆಯದರಂತೆ ಇದರಲ್ಲಿ ಒಂದು ಹೋದರೆ ಎಲ್ಲವೂ ಹೋಗುವುದಿಲ್ಲವಲ್ಲ, ಇರಲಿ ಎಂದು ಬಿಟ್ಟೆ. ಅತ್ತೆ ಬಂದು ಅಂಗೈ ಆಡಿಸಿದರು. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋದರು, ಮತ್ತೆ ತಿರುಗಿ ಬಂದರು. ಕಿವಿ ಹತ್ತಿರ ತಂದು ಕೇಳಿದರು. ಮೂಸಿ ನೋಡಿದರು.

"ಸ್ವಿಚ್ ಹಾಕು."

"ಹಾಕಿದೀನಿ ಅತ್ತೆ. ಉರೀತಿದೆ."

"ಬಿಸಿ ಇಲ್ಲ."

"ಇವು ಬಿಸಿ ಆಗಲ್ಲ. ಕಾರ್ಯದರ್ಶಿ ಹೇಳಿದ್ರಲ್ಲ, ನೀವೂ ಕೇಳಿದ್ರಿ."

"ಟ್ಯೂಬ್‌ಲೈಟು ಮುಟ್ಟಿದ್ರೂ ಬೆಚ್ಚಗಿರುತ್ತೆ ಕಣೇ. ಬಿಸಿ ಇಲ್ಲದ ಬೆಳಕು ಎಲ್ಲಿಂದ ಬಂತು?" ಅವರ ದನಿ ಏರಲಿಲ್ಲ. ಚೆಕಿಂಗ್ ಮಾಡುವಾಗಲೂ ಏರುತ್ತಿರಲಿಲ್ಲವಂತೆ.

ತನಿಖೆ ಶುರುವಾಯಿತು. ಮಗನನ್ನು ಕೇಳಿದರು, "ಉರೀತಿದೆ ಅಮ್ಮ." ಮೊಮ್ಮಗಳನ್ನು ಕೇಳಿದರು, "ಉರೀತಿದೆ ಅಜ್ಜಿ." ಎದುರು ಮನೆಯ ಟೈಲರ್ ಬಾಗಿಲು ತಟ್ಟಿ ಕೇಳಿದರು, "ಉರೀತಿದೆ ಅಮ್ಮಾವ್ರೇ." ಬೆಳಿಗ್ಗೆ ಹಾಲಿನವನನ್ನು ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಕೇಳಿದರು, ಅವನೂ ಪಾಪ, "ನಿನ್ನೆ ಸಂಜೆ ನೋಡಿದೆ, ಉರೀತಿತ್ತು," ಅಂದ. ಉರಿಯುತ್ತಿರುವುದನ್ನು ಜನ ಇನ್ನು ಹೇಗೆ ಹೇಳಬೇಕು? ಆದರೆ ಪ್ರತಿ ಉತ್ತರಕ್ಕೂ ಅತ್ತೆಯ ಹುಬ್ಬು ಇನ್ನಷ್ಟು ಗಂಟಾಯಿತು. ಇಡೀ ಬಸ್ಸು ಒಂದೇ ಮಾತಾಡುತ್ತಿತ್ತು.

ಈ ಬಸ್ಸಿನ ಕಂಡಕ್ಟರ್ ಯಾರು ಎನ್ನುವುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ನಾನು ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಅಲ್ಲಿ ಸುಮ್ಮನೆ ಉರಿಯುವ ಒಂದು ದೀಪ ಕಂಡರೂ ಮಾಲೀಕರು ಮೈಮೇಲೆ ಬರುತ್ತಾರೆ. ಆ ಚಾಳಿ ನನಗೂ ಅಂಟಿ, ಮನೆಯಲ್ಲಿ ಓಡಾಡುತ್ತಲೇ ಸ್ವಿಚ್ಚು ಆರಿಸುತ್ತೇನೆ. ಹಿಂದೊಮ್ಮೆ ಅತ್ತೆ ಒಬ್ಬರೇ ಕೂತಿದ್ದ ಕೋಣೆಯ ದೀಪವನ್ನೂ ಆರಿಸಿದ್ದೆ. ಅದು ಮೊಮ್ಮಗಳ ಬಾಯಿಂದ ಅವರಿಗೆ ಗೊತ್ತಾಗಿ, ನನ್ನನ್ನು ಕರೆದು, "ನನಗೆ ಕಾಣೋದು ಬೇಡ. ಬಂದವರಿಗೆ ನಾನು ಕಾಣಬೇಡವಾ?" ಎಂದು ಕೇಳಿದ್ದರು. ಅಂದಿನಿಂದ ಆ ಕೋಣೆಯ ಸ್ವಿಚ್ಚಿನ ತಂಟೆಗೆ ನಾನು ಹೋಗಿಲ್ಲ. ಆದರೆ ಅತ್ತೆ ಮರೆಯುವ ಪೈಕಿ ಅಲ್ಲ.

ಮಾರನೆಯ ಸಂಜೆ, ನಾನು ಬಟ್ಟೆ ಮಡಿಸುತ್ತಿದ್ದಾಗ, ಅವರು ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದರು: "ಕುರುಡಿ ಮನೆಗೆ ದೀಪ ಯಾಕೆ ಅಂತ ಆರಿಸಿಟ್ಟಿದ್ದೀಯ. ಇರಲಿ. ನಮ್ಮ ಬಾಲ್ಕನಿ ಕತ್ತಲಲ್ಲಿದೆ ಅಂತ ಬೀದಿಗೆಲ್ಲ ಗೊತ್ತಿದ್ದು, ನನಗೊಬ್ಬಳಿಗೆ ಗೊತ್ತಿಲ್ಲ ಅನ್ನೋ ಹಾಗೆ ಮಾಡಬೇಡ. ಅಷ್ಟೇ."

ನನಗೆ ಮೈ ಉರಿದುಹೋಯಿತು. ಬಿಸಿಯಿಲ್ಲದ ಬೆಳಕು ಎಲ್ಲಿದೆ ಎಂದು ಕೇಳುವವರಿಗೆ ಬೆಳಕಿಲ್ಲದ ಈ ಬಿಸಿಯನ್ನು ತೋರಿಸಬೇಕು ಎನಿಸಿತು. ಎಷ್ಟು ವರ್ಷ ಅವರಿಗೆ ಪ್ರತಿಯೊಂದನ್ನೂ ನೋಡಿ ಹೇಳಿದ್ದೇನೆ, ಒಂದಾದರೂ ಸುಳ್ಳು ಹೇಳಿದ್ದೆನೇ? "ಏನಾದರೂ ಅಂದ್ಕೊಳ್ಳಿ," ಎಂದು ಮುಖ ತಿರುಗಿಸಿದೆ. ಮುಖ ತಿರುಗಿಸಿದ್ದು ಅವರಿಗೆ ಕಾಣುವುದಿಲ್ಲ ಎನ್ನುವುದು ಆಮೇಲೆ ನೆನಪಾಯಿತು.

ಅಲ್ಲಿಂದ ಅತ್ತೆ ನನ್ನನ್ನು ಏನನ್ನೂ ಕೇಳುವುದನ್ನು ಬಿಟ್ಟರು. ಜಗಳವಾಡಿದ್ದರೆ ಸಹಿಸುತ್ತಿದ್ದೆ. ಅವರು ಜಗಳವಾಡಲಿಲ್ಲ. ಮೋಡ ಇದೆಯೇ ಎಂದು ಕೇಳಲಿಲ್ಲ, ಕಿಟಕಿಯ ಹೊರಗೆ ಕೈ ಚಾಚಿ ನೋಡಿಕೊಂಡರು. ಸ್ವೆಟರಿನ ಬಣ್ಣ ಕೇಳಲಿಲ್ಲ, ಹಸಿರು ಸ್ವೆಟರನ್ನು ಕೆಂಪು ಸೀರೆಯ ಮೇಲೆ ಹಾಕಿಕೊಂಡು ಇಡೀ ದಿನ ಕೂತರು. ಎಲ್ಲಕ್ಕಿಂತ ಕೆಟ್ಟದ್ದು ಮಾತ್ರೆಯ ವಿಷಯ. ರಾತ್ರಿ ಊಟದ ಮೇಲೆ ನಾನು ಅಂಗೈಗೆ ಹಾಕುವ ಮಾತ್ರೆಗಳನ್ನು ಅವರು ಯಾವತ್ತೂ ಕಣ್ಣು ಮುಚ್ಚಿ ನುಂಗುತ್ತಿದ್ದವರು. ಈಗ ಮುಷ್ಟಿಯಲ್ಲಿ ಹಿಡಿದುಕೊಂಡು, ಗೋಡೆ ಸವರಿಕೊಂಡು ಹೋಗಿ, ಎದುರು ಮನೆಯ ಟೈಲರ್ ಬಾಗಿಲು ತಟ್ಟಿ, "ಇದ್ರಲ್ಲಿ ಬಿಳೀದು ಎರಡು, ಹಳದಿ ಒಂದು ಇದೆಯಾ ನೋಡಪ್ಪ," ಎಂದು ಕೇಳಿ ಬಂದರು. ಟೈಲರ್ ಅವರ ಭುಜದ ಮೇಲಿಂದ ನನ್ನನ್ನು ನೋಡಿದ ರೀತಿ, ನಾನು ಮನೆಯಲ್ಲಿ ಅತ್ತೆಗೆ ಏನು ಕೊಟ್ಟು ಏನು ಮಾಡುತ್ತಿದ್ದೇನೋ ಎನ್ನುವ ಹಾಗಿತ್ತು.

ಅವತ್ತು ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅಳು ಅಂದರೆ ಸಿಟ್ಟಿನ ಅಳು. ಒಂದು ದೀಪದ ಸರದ ದೆಸೆಯಿಂದ ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಹೋಯಿತಲ್ಲ ಎಂಬ ಅಳು.

ಕಾರ್ಯದರ್ಶಿ ಒಂದು ಸಲ ಹಳೆಯ ಸರ ಕೇಳಿಕೊಂಡು ಬಂದು ಹೋದರು. ಬಾಗಿಲು ಮುಚ್ಚಿದ ಮೇಲೆ ಅಭ್ಯಾಸಬಲದಿಂದ ನಾನು ಕಾದು ನಿಂತೆ. ಅತ್ತೆ ಸೋಫಾದ ತೋಳು ಹಿಡಿದು ಎದ್ದು ತಮ್ಮ ಕೋಣೆಗೆ ಹೋದರು.

ಈ ಮೌನ ನನ್ನ ಗಂಡನಿಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ನನ್ನನ್ನೂ ಮಗಳನ್ನೂ ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಹೇಳಿದರು: "ಅಮ್ಮನಿಗೆ ಬಿಸಿ ತಾನೇ ಬೇಕು? ಮಧ್ಯಾಹ್ನ ಮಲಗಿದಾಗ ಆ ಹಳೇ ಸರ ತೆಗೆದು ಹೊಸದರ ಮೇಲೆ ಕಟ್ಟಿಬಿಡ್ತೀನಿ. ಕೇಳಿದ್ರೆ 'ಹೊಸದೇ, ಈಗ ಬಿಸಿಯಾಗಿದೆ' ಅನ್ನಿ. ಮೂವರೂ ಅದನ್ನೇ ಹೇಳಬೇಕು."

"ಸುಳ್ಳು ಹೇಳಿ ನಂಬಿಸಬೇಕಾ? ಇಷ್ಟು ದಿನ ನಿಜ ಹೇಳಿದ್ದು ಮಣ್ಣುಪಾಲಾಯ್ತಲ್ಲ, ಈಗ ಇದೊಂದು ಬಾಕಿ," ಅಂದೆ.

"ಅಮ್ಮನ ನೆಮ್ಮದಿಗೆ ತಾನೇ. ಒಂದು ಮಾತು ಅಂದುಬಿಟ್ರೆ ನಿನ್ನ ಗಂಟೇನು ಹೋಗುತ್ತೆ?"

ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಕೆಲಸಕ್ಕೆ ಹೊತ್ತಾಗಿತ್ತು. ದಿನವಿಡೀ ಬೆಳ್ಳನೆಯ ಬಟ್ಟೆಗಳ ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತುತ್ತಾ, ಆ ಒಂದು ಮಾತು ಅಂದು ಮುಗಿಸಿದರೆ ನಾಳೆಯಿಂದ ಅತ್ತೆ ಮತ್ತೆ ನನ್ನನ್ನು ಕೇಳುತ್ತಾರೇನೋ ಎಂದು ಯೋಚಿಸಿದೆ. ಆಸೆಯಾಯಿತು ಎನ್ನುವುದು ನಿಜ.

ಸಂಜೆ ಮನೆಗೆ ಬಂದಾಗ ಮೂವರೂ ಬಾಲ್ಕನಿಯಲ್ಲಿದ್ದರು. ಡಬ್ಬಿ ಟಕ್ ಟಕ್ ಎನ್ನುತ್ತಿತ್ತು, ಕಾದ ಬಣ್ಣದ ವಾಸನೆ ಬಾಗಿಲವರೆಗೂ ಬರುತ್ತಿತ್ತು. ಕಂಬಿಯ ಮೇಲೆ ಹಳೆಯ ಸರ ಮಂಕಾಗಿ ಹೊಳೆಯುತ್ತಿತ್ತು, ಅದರ ಕೆಳಗೇ ಹೊಸದು ಝಗಝಗಿಸುತ್ತಿತ್ತು. ಅತ್ತೆಯ ಅಂಗೈ ಒಂದು ಬಲ್ಬಿನ ಮೇಲೆ ನಿಂತಿತ್ತು.

"ಇದು ಯಾವ ಸರ?" ಎಂದು ಮೊಮ್ಮಗಳನ್ನು ಕೇಳಿದರು.

"ಹೊಸದೇ ಅಜ್ಜಿ. ಈಗ ಬಿಸಿಯಾಗಿದೆ."

"ಏನೋ, ಯಾವ ಸರ ಇದು?"

"ಹೊಸದೇ ಅಮ್ಮ. ಈಗ ಬಿಸಿಯಾಗಿದೆ."

ಅತ್ತೆ ನನ್ನ ಚಪ್ಪಲಿಯ ಸದ್ದು ಹಿಡಿದು ಈ ಕಡೆ ತಿರುಗಿದರು. ಎಷ್ಟೋ ದಿನದ ಮೇಲೆ ನನ್ನನ್ನು ಒಂದು ಪ್ರಶ್ನೆ ಕೇಳಿದರು. "ನೀನು ಹೇಳು. ಯಾವ ಸರ?"

ಅವರ ಬೆನ್ನ ಹಿಂದೆ ನನ್ನ ಗಂಡ ಎರಡೂ ಕೈ ಜೋಡಿಸಿ ಬೇಡುತ್ತಿದ್ದರು. ಹೇಳಿಬಿಡೋಣ ಎಂದೇ ಬಾಯಿ ತೆರೆದೆ. ಆದರೆ ಟೈಲರ್ ಬಾಗಿಲು, ಆ ಮುಷ್ಟಿಯಲ್ಲಿದ್ದ ಮಾತ್ರೆಗಳು, ಎಲ್ಲ ಒಟ್ಟಿಗೆ ನೆನಪಾಗಿ ಸಿಟ್ಟು ಉಕ್ಕಿತು.

"ಹಳೇದು," ಅಂದೆ. "ನಿಮ್ಮ ಟ್ರಂಕಿಂದು. ನೀವು ಮಲಗಿದ್ದಾಗ ನಿಮ್ಮ ಮಗ ತೆಗೆದು ಕಟ್ಟಿದ್ದು. ಹೊಸದು ಅದರ ಕೆಳಗೇ ಇದೆ. ಅದು ತಣ್ಣಗಿದೆ, ತಣ್ಣಗೇ ಇರುತ್ತೆ, ಆದ್ರೂ ಉರೀತಿದೆ. ಮೊದಲ ದಿನದಿಂದ ಉರೀತಿದೆ. ನಂಬೋದಿದ್ರೆ ನಂಬಿ, ಬಿಡೋದಿದ್ರೆ ಬಿಡಿ."

ನನ್ನ ಗಂಡ ತಲೆ ಮೇಲೆ ಕೈ ಹೊತ್ತರು. ಅತ್ತೆಯ ಹೆಬ್ಬೆರಳು ಒಂದು ಹೋಲ್ಡರಿನ ಸುತ್ತ ನಿಧಾನವಾಗಿ ಸುತ್ತುತ್ತಿತ್ತು. ನೋಡಿದರೆ ಅದಕ್ಕೆ ಯಾವತ್ತೋ ಬಿಗಿಯಾಗಿ ದಾರ ಸುತ್ತಿದೆ.

"ಗೊತ್ತು," ಅಂದರು. "ಮುಟ್ಟಿದ ಕೂಡ್ಲೇ ಗೊತ್ತಾಯ್ತು. ಈ ದಾರ ಸುತ್ತಿದೋಳು ನಾನೇ." ಆಮೇಲೆ ಮಗನ ಕಡೆ ಮುಖ ಮಾಡಿ, "ಏನೋ, ಕಂಡಕ್ಟರ್ ನೀನೇನೋ?"

ನನ್ನ ಗಂಡ ಒಳಗೆ ಹೋಗಿ ನೀರು ಕುಡಿಯುವ ನೆವ ಹುಡುಕಿಕೊಂಡರು. ಮಗಳು ನಗು ತಡೆಯಲಾರದೆ ಅಪ್ಪನ ಹಿಂದೆಯೇ ಓಡಿದಳು. ಅತ್ತೆ ಮಾತ್ರ ನಗಲಿಲ್ಲ. ಬಿಸಿ ಬಲ್ಬು ಬಿಟ್ಟು ಬೆರಳುಗಳನ್ನು ಕೆಳಗಿಳಿಸಿ, ಹೊಸ ಸರದ ಸಣ್ಣ ತಣ್ಣನೆಯ ಬಲ್ಬೊಂದನ್ನು ಹುಡುಕಿ ಹಿಡಿದರು.

"ಇದು ಯಾವ ಬಣ್ಣ?"

ಹತ್ತಿರ ಹೋಗಿ ನೋಡಿದೆ. "ಹಸಿರು," ಅಂದೆ.

"ನನ್ನ ಸ್ವೆಟರ್ ಹಸಿರಾ?"

"ಅದು ಎಲೆ ಹಸಿರು. ಇದು ಇನ್ನೂ ತೆಳು."

"ಇದು?"

"ಹಳದಿ."

"ಇದು?"

"ಕೆಂಪು. ಕೆಂಪು ಅಂದ್ರೆ ಬಸ್ಸಿನ ಹಿಂದಿನ ದೀಪ ಇರುತ್ತಲ್ಲ, ಅಂಥದು."

ಅತ್ತೆ ಹೂಂ ಎಂದರು. ಆ ಹೂಂ ಕೇಳಿ ನನ್ನ ಕಣ್ಣು ತುಂಬಿತು, ಅದನ್ನು ಅವರಿಗೆ ಹೇಳಲು ಹೋಗಲಿಲ್ಲ. ಒಂದೊಂದೇ ಬಲ್ಬು ಮುಟ್ಟುತ್ತಾ, ಕೇಳುತ್ತಾ ಅವರು ಕಂಬಿಯ ತುದಿಗೆ ಬಂದರು. "ಇದು?"

"ಇದು ಉರೀತಿಲ್ಲ ಅತ್ತೆ. ಕಟ್ಟಿದ ದಿನದಿಂದಲೇ ಹೊತ್ತಿಲ್ಲ."

ಅವರ ಕೈ ತಟಕ್ಕನೆ ನಿಂತಿತು. ಹುಬ್ಬು ಗಂಟಾಯಿತು. ಮತ್ತೆ ಎಲ್ಲವೂ ಹಾಳಾಯಿತು, ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎಂದು ನನ್ನನ್ನೇ ಬೈದುಕೊಂಡೆ.

"ನೋಡಿದ್ಯಾ," ಎಂದರು ಅತ್ತೆ, ದನಿಯಲ್ಲಿ ಎಂಥದೋ ಹುರುಪು. "ಪುಕ್ಕಟೆ ಅಂದಾಗಲೇ ನಾನು ಹೇಳಲಿಲ್ವಾ, ಏನೋ ಇದೆ ಅಂತ. ಹಳೇ ಸರ ಬಿಚ್ಚಿಡು, ಸುಮ್ಮನೆ ಕರೆಂಟು ತಿನ್ನುತ್ತೆ. ನಾಳೆ ಬೆಳಿಗ್ಗೆ ಇಬ್ಬರೂ ಆ ಕಾರ್ಯದರ್ಶಿ ಮನೆಗೆ ಹೋಗೋಣ. ಸತ್ತ ಬಲ್ಬು ಯಾಕೆ ಕೊಟ್ಟೆ ಅಂತ ನಾನು ಕೇಳ್ತೀನಿ. ಆಗ ಅವನ ಮುಖ ಹೇಗಾಗುತ್ತೆ ಅಂತ ನೀನು ನೋಡಿ ನನಗೆ ಹೇಳಬೇಕು."